ದೀಪದ ಬೆಳಕು ತುಂಬಿದ ಆಕಾಶದಲ್ಲಿ ನೀಹಾರಿಕೆಯ ಫೋಟೋ: ಯಾವ ಉಪಕರಣ, ಹೇಗೆ ಬಳಸಬೇಕು

ನಗರದಿಂದ ತೆಗೆದ ಫೋಟೋದಲ್ಲಿ ಸೆನ್ಸರ್ ಮೇಲೆ ಬಿದ್ದ ಬೆಳಕಿನ ದೊಡ್ಡ ಪಾಲು ದೀಪಗಳದ್ದೇ. ಅದನ್ನು ಕಂಪ್ಯೂಟರಿನಲ್ಲಿ ಕಳೆದರಾಯಿತಲ್ಲ ಎಂದು ಅನ್ನಿಸುವುದು ಸಹಜ. ಬೆಳಕನ್ನೇನೋ ಕಳೆಯಬಹುದು, ಅದು ತಂದ ನಾಯ್ಸ್ (ಚಿತ್ರದ ಮೇಲಿನ ಮರಳಿನಂಥ ಏರಿಳಿತ) ಮಾತ್ರ ಅಲ್ಲೇ ಉಳಿಯುತ್ತದೆ. ಬೆಳಕಿನ ಕಣಗಳಾದ ಫೋಟಾನುಗಳು ಮಳೆಹನಿಗಳ ಹಾಗೆ, ಒಂದೇ ಲೆಕ್ಕದಲ್ಲಿ ಬೀಳುವುದಿಲ್ಲ. ಸೆನ್ಸರ್ ಅವನ್ನು ಎಲೆಕ್ಟ್ರಾನ್‌ಗಳಾಗಿ ಎಣಿಸುತ್ತದೆ. 10,000 ಎಲೆಕ್ಟ್ರಾನ್ ಸೇರಿದ ಪಿಕ್ಸೆಲ್‌ನಲ್ಲಿ ಅದರ ವರ್ಗಮೂಲದಷ್ಟು, ಅಂದರೆ ಸುಮಾರು 100ರ ಏರಿಳಿತ ಇದ್ದೇ ಇರುತ್ತದೆ.

ಒಂದು ಗೆಲಾಕ್ಸಿಯ ಹೊರ ಸುರುಳಿ ಪ್ರತಿ ಫ್ರೇಮಿಗೆ (ಒಂದು ಫೋಟೋಗೆ) 1 ಎಲೆಕ್ಟ್ರಾನ್ ಕೊಡುತ್ತದೆ, ನಗರದ ಆಕಾಶ 100 ಕೊಡುತ್ತದೆ ಎಂದುಕೊಳ್ಳಿ. 100 ಫ್ರೇಮ್ ಸೇರಿಸಿದರೆ ಗೆಲಾಕ್ಸಿ 100, ಆಕಾಶದ 10,000ದ ನಾಯ್ಸ್ ಕೂಡ 100. ಎರಡೂ ಸಮ, ಸುರುಳಿ ಕಾಣುವುದಿಲ್ಲ. ಆಕಾಶ 3.5 ಮ್ಯಾಗ್ನಿಟ್ಯೂಡ್ (ಖಗೋಳದಲ್ಲಿ ಹೊಳಪಿನ ಅಳತೆ) ಕಪ್ಪಾಗಿರುವ ಕಡೆ ಹಿನ್ನೆಲೆ 25 ಪಟ್ಟು ಕಡಿಮೆ. ಅಲ್ಲಿ ಅದೇ 100 ಫ್ರೇಮಿಗೆ ನಾಯ್ಸ್ 22ಕ್ಕೆ (ಆಕಾಶದ 400, ಗೆಲಾಕ್ಸಿಯ 100 ಸೇರಿದ 500ರ ವರ್ಗಮೂಲ) ಇಳಿದು, ಗೆಲಾಕ್ಸಿಗೂ ನಾಯ್ಸ್‌ಗೂ ಇರುವ ಅನುಪಾತ 4.5ಕ್ಕೆ ಏರುತ್ತದೆ. ನಗರದಲ್ಲೇ 4.5 ಬೇಕೆಂದರೆ 2,000 ಫ್ರೇಮ್ ಬೇಕು, ಅಂದರೆ 20 ಪಟ್ಟು ಸಮಯ. ಉಪಕರಣ ಆರಿಸುವಾಗ ಈ ಲೆಕ್ಕ ತಲೆಯಲ್ಲಿರಲಿ. ಒಂದೋ ಆಕಾಶದ ಬೆಳಕನ್ನು ಸೆನ್ಸರ್ ಮುಟ್ಟುವ ಮೊದಲೇ ತಡೆಯಬೇಕು, ಇಲ್ಲವೇ ಗಂಟೆಗಟ್ಟಲೆ, ರಾತ್ರಿಗಟ್ಟಲೆ ಬೆಳಕು ಸೇರಿಸಬೇಕು. ಮೂರನೆಯ ದಾರಿಯಿಲ್ಲ.

ನಿಮ್ಮ ಆಕಾಶ ಎಷ್ಟು ಕೆಟ್ಟಿದೆ ಎಂದು ಹೇಳಲು ಜಾನ್ ಬಾರ್ಟಲ್ 2001ರಲ್ಲಿ ಪ್ರಕಟಿಸಿದ 9 ಹಂತಗಳ ಅಳತೆ ಬಳಕೆಯಲ್ಲಿದೆ. ನಗರದ ನಡುಭಾಗ 8 ಅಥವಾ 9. ಚಂದ್ರ ಮತ್ತು ಗ್ರಹಗಳಿಗೆ ಈ ಅಳತೆಯ ಹಂಗಿಲ್ಲ. ಅವು ಎಷ್ಟು ಪ್ರಕಾಶಮಾನವೆಂದರೆ ದೀಪಗಳಿಂದ ಅವುಗಳ ಫೋಟೋಗೆ ಏನೂ ಆಗುವುದಿಲ್ಲ. ಮುಂದಿನದ್ದೆಲ್ಲ ಮಸುಕಾದ ನೀಹಾರಿಕೆ, ಗೆಲಾಕ್ಸಿ, ತಾರಾಗುಚ್ಛಗಳ ಮಾತು.

ಮೊದಲು ಮೌಂಟ್, ಆಮೇಲೆ ಟೆಲಿಸ್ಕೋಪ್

ಹಣದ ದೊಡ್ಡ ಪಾಲು ಇಕ್ವಟೋರಿಯಲ್ ಮೌಂಟಿಗೆ, ಅಂದರೆ ಭೂಮಿಯ ತಿರುಗುವಿಕೆಗೆ ಸರಿಯಾಗಿ ಟೆಲಿಸ್ಕೋಪನ್ನು ತಿರುಗಿಸುವ ಆಧಾರಕ್ಕೆ ಹೋಗಲಿ. ತಯಾರಕರು ಹೇಳುವ ತೂಕದ ಮಿತಿ ಕಣ್ಣಿನಿಂದ ನೋಡುವವರಿಗೆ ಸರಿ. ಫೋಟೋಗೆ ಅದರ ಅರ್ಧಕ್ಕೆ ನಿಲ್ಲಿಸುವುದು ಲೇಸು. 10 ಕೆ.ಜಿ. ಹೊರುವ ಮೌಂಟ್ ಮೇಲೆ ಟೆಲಿಸ್ಕೋಪ್, ಕ್ಯಾಮೆರಾ, ಗೈಡ್‌ಸ್ಕೋಪ್ (ಒಂದು ನಕ್ಷತ್ರವನ್ನು ನೋಡುತ್ತ ಮೌಂಟಿನ ಚಲನೆಯನ್ನು ತಿದ್ದಲು, ಅಂದರೆ ಗೈಡಿಂಗ್‌ಗೆ ಬಳಸುವ ಚಿಕ್ಕ ಟೆಲಿಸ್ಕೋಪ್) ಎಲ್ಲ ಸೇರಿ 5 ಕೆ.ಜಿ. ದಾಟಬಾರದು (ಸಮತೂಕದ ಗುಂಡುಗಳನ್ನು ಇದರಲ್ಲಿ ಸೇರಿಸಬೇಕಿಲ್ಲ). ಇದಕ್ಕಿಂತ ಭಾರ ಹೇರಿದರೆ ಸಣ್ಣ ಗಾಳಿಗೂ ನಕ್ಷತ್ರಗಳು ಮೊಟ್ಟೆಯಾಗುತ್ತವೆ.

ಟೆಲಿಸ್ಕೋಪ್ 60ರಿಂದ 80 ಮಿ.ಮೀ. ವ್ಯಾಸದ, 350ರಿಂದ 450 ಮಿ.ಮೀ. ಫೋಕಲ್ ಲೆಂತ್‌ನ ಅಪೋಕ್ರೊಮ್ಯಾಟ್ (ಎಲ್ಲ ಬಣ್ಣಗಳನ್ನೂ ಒಂದೇ ಕಡೆ ಫೋಕಸ್ ಮಾಡುವ ಲೆನ್ಸ್ ಟೆಲಿಸ್ಕೋಪ್) ಆಗಿರಲಿ. ದೊಡ್ಡದು ಕೊಂಡರೆ ದೀಪದ ಬೆಳಕೂ ಅಷ್ಟೇ ಹೆಚ್ಚಾಗಿ ಒಳಗೆ ಬರುತ್ತದೆ, ಗೈಡಿಂಗ್ ಕಷ್ಟವಾಗುತ್ತದೆ. ಕ್ಯಾಮೆರಾದ ಜೊತೆ ಹೊಂದುತ್ತದೆಯೇ ಎಂದು ನೋಡಲು ಪಿಕ್ಸೆಲ್ ಅಳತೆಯನ್ನು (ಮೈಕ್ರಾನ್‌ನಲ್ಲಿ) 206 ರಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್, 400 ಮಿ.ಮೀ. ಟೆಲಿಸ್ಕೋಪ್ ಆದರೆ ಪಿಕ್ಸೆಲ್‌ಗೆ 1.9 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಆರಂಭಕ್ಕೆ ಇದು ಹಿತವಾದ ಅಳತೆ. ಗೈಡಿಂಗ್ ದೋಷದ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಇದಕ್ಕಿಂತ ಕಡಿಮೆ ಇದ್ದರೆ, ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು, ನಕ್ಷತ್ರ ದುಂಡಗಿರುತ್ತದೆ.

ಕೈಯಲ್ಲಿ ಈಗಾಗಲೇ ಡಿಎಸ್‌ಎಲ್‌ಆರ್ ಮತ್ತು 135 ಮಿ.ಮೀ. ಲೆನ್ಸ್ ಇದ್ದರೆ ಒಂದು ಸ್ಟಾರ್ ಟ್ರ್ಯಾಕರ್ (ಕ್ಯಾಮೆರಾ ಹೊರುವ ಚಿಕ್ಕ ಮೌಂಟ್) ಸಾಕು, ಅದರಲ್ಲೇ ಶುರುಮಾಡಿ. ಒಂದು ತೊಡಕು ಗೊತ್ತಿರಲಿ: ಸಾಮಾನ್ಯ ಕ್ಯಾಮೆರಾದ ಸೆನ್ಸರ್ ಮುಂದಿರುವ ಫಿಲ್ಟರ್ ಹೈಡ್ರೋಜನ್-ಆಲ್ಫಾ ಕೆಂಪಿನ ಬಹುಪಾಲನ್ನು ತಡೆದುಬಿಡುತ್ತದೆ. ಕೆಂಪು ನೀಹಾರಿಕೆಗಳೇ ಗುರಿಯಾದರೆ ಆ ಫಿಲ್ಟರ್ ಬದಲಿಸಿದ ಕ್ಯಾಮೆರಾ ಬೇಕು, ಇಲ್ಲವೇ ತಂಪು ಮಾಡುವ ಆಸ್ಟ್ರೋ ಕ್ಯಾಮೆರಾ. ಸೋನಿಯ ಐಎಂಎಕ್ಸ್ 533 ಮತ್ತು 571 ಸೆನ್ಸರ್‌ಗಳಲ್ಲಿ ಮೂಲೆ ಹೊಳೆಯುವ ಆಂಪ್ ಗ್ಲೋ ಕಾಟವಿಲ್ಲ, ರೀಡ್ ನಾಯ್ಸ್ (ಸೆನ್ಸರನ್ನು ಓದುವಾಗ ಕ್ಯಾಮೆರಾವೇ ಸೇರಿಸುವ ನಾಯ್ಸ್) ತುಂಬ ಕಡಿಮೆ.

ಫಿಲ್ಟರ್: ಗುರಿ ನೋಡಿ ಆರಿಸಿ

ಎಲ್ಲರೂ ಎಡವುವ ಜಾಗ ಇದು. ‘ಸಿಟಿ ಲೈಟ್’ ಎಂದು ಮಾರುವ ಹಳೆಯ ಬಗೆಯ ಫಿಲ್ಟರ್‌ಗಳು ಸೋಡಿಯಂ ಮತ್ತು ಪಾದರಸದ ದೀಪಗಳ ಕಾಲದವು. ಆ ದೀಪಗಳ ಬೆಳಕು ಬಹುಮಟ್ಟಿಗೆ ಗೊತ್ತಾದ ತರಂಗಾಂತರಗಳಲ್ಲಿತ್ತು: ಸೋಡಿಯಂ 589 ನ್ಯಾನೋಮೀಟರ್ ಆಸುಪಾಸು, ಪಾದರಸ 436 ಮತ್ತು 546. ಆ ಗೆರೆಗಳನ್ನು ಕತ್ತರಿಸಿದರೆ ಆಕಾಶ ಕಪ್ಪಾಗುತ್ತಿತ್ತು. ಬಿಳಿ ಎಲ್‌ಇಡಿ ಹಾಗಲ್ಲ. ನೀಲಿಯಲ್ಲಿ ಒಂದು ಶಿಖರ, ಹಸಿರಿನಿಂದ ಕೆಂಪಿನವರೆಗೆ ಅಗಲವಾದ ದಿಬ್ಬ. ಕತ್ತರಿಸಲು ಗೆರೆಯೇ ಇಲ್ಲ. ಬೀದಿಯಲ್ಲಿ ಎಲ್‌ಇಡಿ ಇದ್ದರೆ ಈ ಫಿಲ್ಟರಿಗೆ ಹಣ ಹಾಕಬೇಡಿ.

ದಾರಿ ತಿರುಗುಮುರುಗು: ದೀಪವನ್ನು ತಡೆಯುವುದರ ಬದಲು ನೀಹಾರಿಕೆಯನ್ನು ಮಾತ್ರ ಒಳಗೆ ಬಿಡಬೇಕು. ಹೊಳೆಯುವ ಅನಿಲದ ನೀಹಾರಿಕೆಗಳು ತಮ್ಮ ಬೆಳಕನ್ನು ಕೆಲವೇ ಗೆರೆಗಳಲ್ಲಿ ಸೂಸುತ್ತವೆ. ಹೈಡ್ರೋಜನ್-ಆಲ್ಫಾ 656.3, ಆಮ್ಲಜನಕ 500.7, ಗಂಧಕ 672ರ ಹತ್ತಿರ. ಬಣ್ಣದ ಕ್ಯಾಮೆರಾಗೆ ಮೊದಲೆರಡನ್ನು ಮಾತ್ರ ಬಿಡುವ ಡ್ಯುಯಲ್‌ಬ್ಯಾಂಡ್ ಫಿಲ್ಟರ್ ಸಿಗುತ್ತದೆ, ಪ್ರತಿ ಕಿಂಡಿ 7 ನ್ಯಾನೋಮೀಟರ್ ಅಥವಾ ಕಡಿಮೆ ಇರುವುದನ್ನು ನೋಡಿ. ಮೊನೊ (ಕಪ್ಪು-ಬಿಳುಪು) ಕ್ಯಾಮೆರಾಗೆ ಒಂದೊಂದು ಗೆರೆಗೂ ಬೇರೆ ಫಿಲ್ಟರ್. ರಾಜಹಂಸ ನಕ್ಷತ್ರಪುಂಜದ ಎನ್‌ಜಿಸಿ 7000, ರೋಸೆಟ್ ನೀಹಾರಿಕೆ, ಧನು ರಾಶಿಯ ಎಂ 8, ಗ್ರಹ ನೀಹಾರಿಕೆ ಎಂ 27 ಇಂಥವು ನಗರದಿಂದಲೂ ಚೆಲುವಾಗಿ ಬರುವುದು ಇದರಿಂದಲೇ.

ಗೆಲಾಕ್ಸಿಗೆ, ತಾರಾಗುಚ್ಛಕ್ಕೆ, ಕೃತ್ತಿಕೆಯ ಸುತ್ತಲಿನ ಪ್ರತಿಫಲನ ನೀಹಾರಿಕೆಗೆ ಈ ಫಿಲ್ಟರ್ ಹಾಕಬೇಡಿ. ಅವು ಸೂಸುವುದು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳಲ್ಲೂ ಹರಡಿರುವಂಥದ್ದು. ದೀಪದ ಬೆಳಕಿನ ಜೊತೆ ಅದನ್ನೂ ಅಷ್ಟೇ ಕತ್ತರಿಸಿದಂತಾಗುತ್ತದೆ. ಇಲ್ಲಿ ಬರೀ ಯುವಿ-ಐಆರ್ ಕಟ್ ಫಿಲ್ಟರ್ (ಕಣ್ಣಿಗೆ ಕಾಣದ ಅತಿನೇರಳೆ, ಅವಕೆಂಪು ಬೆಳಕನ್ನಷ್ಟೇ ತಡೆಯುವಂಥದ್ದು) ಮತ್ತು ಮೇಲೆ ಹೇಳಿದ 20 ಪಟ್ಟು ತಾಳ್ಮೆ.

ಇನ್ನೆರಡು ವಿಷಯ. ಎಫ್ 2ರಂಥ ಅತಿ ವೇಗದ (ಬಾಯಿ ತುಂಬ ಅಗಲವಾದ) ಲೆನ್ಸ್‌ನಲ್ಲಿ ಅಂಚಿನ ಕಿರಣಗಳು ಓರೆಯಾಗಿ ಫಿಲ್ಟರ್ ಹೊಕ್ಕು, ಅದರ ಕಿಂಡಿ ಚಿಕ್ಕ ತರಂಗಾಂತರದ ಕಡೆ ಸರಿಯುತ್ತದೆ. 3 ನ್ಯಾನೋಮೀಟರ್ ಕಿಂಡಿಯಾದರೆ ನೀಹಾರಿಕೆಯ ಗೆರೆಯೇ ಹೊರಗುಳಿಯಬಹುದು. ವೇಗದ ಲೆನ್ಸ್‌ಗೆಂದೇ ಮಾಡಿದ ಫಿಲ್ಟರ್ ಕೇಳಿ ಪಡೆಯಿರಿ. ಎರಡನೆಯದು, ಫಿಲ್ಟರ್ ಗಾಜು ಫೋಕಸನ್ನು ತನ್ನ ದಪ್ಪದ ಮೂರರಲ್ಲಿ ಒಂದು ಭಾಗದಷ್ಟು ಹಿಂದಕ್ಕೆ ತಳ್ಳುತ್ತದೆ. ಫ್ಲ್ಯಾಟನರ್‌ನಿಂದ (ಚಿತ್ರದ ಮೂಲೆಗಳನ್ನೂ ಫೋಕಸ್‌ಗೆ ತರುವ ಲೆನ್ಸ್) ಸೆನ್ಸರ್‌ಗೆ 55 ಮಿ.ಮೀ. ಬೇಕಿದ್ದರೆ, 2 ಮಿ.ಮೀ. ಫಿಲ್ಟರ್ ಹಾಕಿದಾಗ 55.7 ಮಾಡಬೇಕು. ಮೂಲೆಯ ನಕ್ಷತ್ರಗಳು ಉದ್ದವಾದರೆ ಮೊದಲು ಈ ಅಂತರ ಅಳೆಯಿರಿ.

ಒಂದು ಫ್ರೇಮ್ ಎಷ್ಟು ಸೆಕೆಂಡ್?

ಉದ್ದ ಎಕ್ಸ್‌ಪೋಷರ್ ಒಳ್ಳೆಯದು ಎಂಬ ನಂಬಿಕೆ ನಗರದಲ್ಲಿ ಸುಳ್ಳಾಗುತ್ತದೆ. ಫ್ರೇಮನ್ನು ಉದ್ದ ಮಾಡುವುದರ ಉದ್ದೇಶ ಒಂದೇ: ಕ್ಯಾಮೆರಾದ ರೀಡ್ ನಾಯ್ಸ್ ಆಕಾಶದ ನಾಯ್ಸ್‌ನಲ್ಲಿ ಮುಳುಗಿಹೋಗಬೇಕು. ರೀಡ್ ನಾಯ್ಸ್‌ನ ವರ್ಗಕ್ಕೆ 10 ಪಟ್ಟು ಆಕಾಶದ ಎಲೆಕ್ಟ್ರಾನ್ ಸೇರಿದರೆ ಒಟ್ಟು ನಾಯ್ಸ್ ಶೇ. 5ರಷ್ಟು ಮಾತ್ರ ಹೆಚ್ಚು. ಅಲ್ಲಿಗೆ ಸಾಕು.

ನಿಮ್ಮ ಆಕಾಶವನ್ನು ಅಳೆಯುವುದು ಸುಲಭ. 50 ಸೆಕೆಂಡಿನ ಒಂದು ಫ್ರೇಮ್ ತೆಗೆದು, ಅದರ ಮೀಡಿಯನ್ (ಪಿಕ್ಸೆಲ್‌ಗಳ ನಡುವಣ ಬೆಲೆ) ನೋಡಿ, 1500 ಎಂದಿರಲಿ. ಮುಚ್ಚಳ ಹಾಕಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಡಾರ್ಕ್‌ನ ಮೀಡಿಯನ್ 500. ವ್ಯತ್ಯಾಸ 1000. ನಿಮ್ಮ ಗೇನ್‌ನಲ್ಲಿ (ಕ್ಯಾಮೆರಾ ಸಂಕೇತವನ್ನು ಹಿಗ್ಗಿಸುವ ಮಟ್ಟ) ಒಂದು ಎಡಿಯುಗೆ (ಕ್ಯಾಮೆರಾ ಕೊಡುವ ಅಂಕಿಯ ಒಂದು ಘಟಕ) 0.25 ಎಲೆಕ್ಟ್ರಾನ್ ಆದರೆ 250 ಎಲೆಕ್ಟ್ರಾನ್, ಅಂದರೆ ಸೆಕೆಂಡಿಗೆ 5. ರೀಡ್ ನಾಯ್ಸ್ 1.5 ಇದ್ದರೆ ಅದರ ವರ್ಗ 2.25, ಹತ್ತು ಪಟ್ಟು 22.5. ಐದರಿಂದ ಭಾಗಿಸಿದರೆ ನಾಲ್ಕೂವರೆ ಸೆಕೆಂಡ್! (14 ಬಿಟ್ ಕ್ಯಾಮೆರಾದ ಅಂಕಿಗಳನ್ನು ಸಾಫ್ಟ್‌ವೇರ್ 16 ಬಿಟ್‌ಗೆ ಹಿಗ್ಗಿಸಿ ತೋರಿಸುತ್ತಿದ್ದರೆ ಮೊದಲು 4ರಿಂದ ಭಾಗಿಸಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.) ಸಾವಿರಾರು ಫೈಲ್‌ಗಳ ರಾಶಿ ಬೇಡವೆಂದರೆ 30ರಿಂದ 60 ಸೆಕೆಂಡ್ ಇಡಿ. ಅದಕ್ಕಿಂತ ಮುಂದೆ ಹೋದರೆ ಲಾಭವಿಲ್ಲ, ನಕ್ಷತ್ರಗಳ ಬಣ್ಣ ಸುಟ್ಟು ಬಿಳಿಯಾಗುತ್ತದೆ. ಕಿರಿದಾದ ಕಿಂಡಿಯ ಫಿಲ್ಟರ್ ಹಾಕಿ ಆಕಾಶ 20ರಲ್ಲಿ ಒಂದು ಪಾಲಾದರೆ ಇದೇ ಲೆಕ್ಕ 90 ಸೆಕೆಂಡ್ ಕೊಡುತ್ತದೆ. ಆಗ 120ರಿಂದ 300 ಸೆಕೆಂಡ್ ಸರಿ, ಗೈಡಿಂಗ್ ಅನಿವಾರ್ಯ.

ಒಟ್ಟು ಸಮಯದಲ್ಲಿ ಜಿಪುಣತನ ಬೇಡ. ಡ್ಯುಯಲ್‌ಬ್ಯಾಂಡ್‌ನಲ್ಲಿ ಪ್ರಕಾಶಮಾನ ನೀಹಾರಿಕೆಗೂ 8-10 ಗಂಟೆ ಇಟ್ಟುಕೊಳ್ಳಿ. ನಾಲ್ಕು ರಾತ್ರಿ ನಾಲ್ಕು ಗುರಿಗಳ ಹಿಂದೆ ಓಡುವುದಕ್ಕಿಂತ ನಾಲ್ಕೂ ರಾತ್ರಿ ಒಂದೇ ಗುರಿಗೆ ಅಂಟಿಕೊಂಡರೆ ಚಿತ್ರ ಬೇರೆಯೇ ಮಟ್ಟದಲ್ಲಿರುತ್ತದೆ.

ರಾತ್ರಿಯ ಕೆಲಸ

ಗುರಿ 40 ಡಿಗ್ರಿಗಿಂತ ಮೇಲೆ ಬಂದಾಗ ಶುರುಮಾಡಿ, ನೆತ್ತಿಯ ಹತ್ತಿರವಿದ್ದಷ್ಟೂ ಒಳ್ಳೆಯದು. ಕೆಳಗೆ ಗಾಳಿಯ ಪದರವೂ ದಪ್ಪ, ದೀಪದ ಬೆಳಕೂ ದಟ್ಟ. ಚಂದ್ರನಿರುವ ರಾತ್ರಿ ಹೈಡ್ರೋಜನ್-ಆಲ್ಫಾ ತೆಗೆಯಬಹುದು. ಆಮ್ಲಜನಕದ ಗೆರೆಗೆ ಚಂದ್ರ ಹೆಚ್ಚು ಕಾಟ ಕೊಡುತ್ತಾನೆ, ಅದನ್ನು ಕತ್ತಲ ರಾತ್ರಿಗೆ ಉಳಿಸಿ.

ಮೌಂಟಿನ ಅಕ್ಷವನ್ನು ಆಕಾಶದ ಧ್ರುವದ ಕಡೆ ತಿರುಗಿಸಬೇಕು, ಇದೇ ಪೋಲಾರ್ ಅಲೈನ್‌ಮೆಂಟ್. ಧ್ರುವ ನಕ್ಷತ್ರ ಕಟ್ಟಡದ ಹಿಂದೆ ಮರೆಯಾಗಿದ್ದರೆ ಚಿಂತೆಯಿಲ್ಲ. ಉಚಿತವಾಗಿ ಸಿಗುವ ನೀನಾ ಸಾಫ್ಟ್‌ವೇರಿನ ಮೂರು ಬಿಂದುಗಳ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್, ಕಾಣುವ ಆಕಾಶದ ಯಾವ ಭಾಗದಿಂದಲಾದರೂ ದೋಷ ಲೆಕ್ಕ ಹಾಕುತ್ತದೆ. 1-2 ಆರ್ಕ್‌ಮಿನಿಟ್ ಒಳಗೆ ತಂದರೆ ಸಾಕು. ಗೈಡಿಂಗ್ ನಡೆಸುವ ಪಿಎಚ್‌ಡಿ2 ಸಾಫ್ಟ್‌ವೇರಿನಲ್ಲಿ ಕ್ಯಾಲಿಬ್ರೇಶನ್ನನ್ನು ಖಗೋಳ ವಿಷುವದ್ವೃತ್ತದ ಹತ್ತಿರ ಮಾಡಿ.

ಫೋಕಸ್‌ಗೆ ಬಹ್ಟಿನೋವ್ ಮಾಸ್ಕ್ (ನಕ್ಷತ್ರದ ಸುತ್ತ ಗೆರೆಗಳನ್ನು ಮೂಡಿಸುವ, ಸೀಳುಗಳಿರುವ ಮುಚ್ಚಳ) ಹಾಕಿ, ನಡುವಿನ ಗೆರೆ ಎಕ್ಸ್ ಆಕಾರದ ಸರಿಮಧ್ಯಕ್ಕೆ ಬರುವವರೆಗೆ ತಿರುಗಿಸಿ. ಎಫ್ 5ರಲ್ಲಿ ತಪ್ಪಿಗಿರುವ ಜಾಗ ಬರೀ 60 ಮೈಕ್ರಾನ್, ಒಂದು ಕೂದಲೆಳೆಯಷ್ಟು. ರಾತ್ರಿ ತಣ್ಣಗಾದಂತೆ ಟ್ಯೂಬ್ ಕುಗ್ಗುತ್ತದೆ, ಆದ್ದರಿಂದ ಗಂಟೆಗೊಮ್ಮೆ ಮತ್ತೆ ನೋಡಿ. ಮಾಸ್ಕ್ ತೆಗೆಯುವುದನ್ನು ಮರೆಯಬೇಡಿ, ಇಡೀ ರಾತ್ರಿ ವ್ಯರ್ಥವಾಗುತ್ತದೆ.

ಡಿದರಿಂಗ್ ತಪ್ಪಿಸಬೇಡಿ. ಕೆಲವು ಫ್ರೇಮಿಗೊಮ್ಮೆ ಮೌಂಟ್ ಅಡ್ಡಾದಿಡ್ಡಿಯಾಗಿ ಕೆಲವು ಪಿಕ್ಸೆಲ್ ಸರಿಯಬೇಕು. ಇಲ್ಲದಿದ್ದರೆ ಸೆನ್ಸರಿನ ಖಾಯಂ ಕಲೆಗಳು ಡ್ರಿಫ್ಟ್ ಆಗುವ ದಿಕ್ಕಿನಲ್ಲಿ ಬಾಚಣಿಗೆ ಎಳೆದಂತೆ ಗೆರೆಗಳಾಗುತ್ತವೆ. ಎಷ್ಟು ಫ್ರೇಮ್ ಸೇರಿಸಿದರೂ ಅವು ಹೋಗುವುದಿಲ್ಲ.

ಪಕ್ಕದ ದೀಪದ ನೇರ ಬೆಳಕು ಇನ್ನೊಂದು ಶತ್ರು. ಮುಂದಿನ ಮುಸುಕನ್ನು ಕಪ್ಪು ಹಾಳೆಯಿಂದ ಉದ್ದ ಮಾಡಿ. ನ್ಯೂಟೋನಿಯನ್ ಆದರೆ ಕನ್ನಡಿಯ ಹಿಂಭಾಗಕ್ಕೆ, ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರ್‌ಗೆ ಕಪ್ಪು ಬಟ್ಟೆ ಮುಚ್ಚಿ.

ಫ್ಲ್ಯಾಟ್ ಫ್ರೇಮ್ ಇಲ್ಲದೆ ಎಲ್ಲವೂ ದಂಡ

ಫ್ಲ್ಯಾಟ್ ಎಂದರೆ ಸಮನಾಗಿ ಬೆಳಗಿದ ಬಿಳಿ ಮೈಯ ಫೋಟೋ, ಉಪಕರಣ ತಂದ ಮಂಕು ಮತ್ತು ಕಲೆಗಳನ್ನು ಸರಿಪಡಿಸಲು. ಲೆನ್ಸ್‌ನ ಅಂಚುಗಳಲ್ಲಿ ಬೆಳಕು ಮಂಕಾಗುತ್ತದೆ, ಧೂಳಿನ ಕಣಗಳು ಉದ್ದಿನವಡೆಯಂಥ ನೆರಳು ಬೀಳಿಸುತ್ತವೆ. ಕತ್ತಲ ಆಕಾಶದಲ್ಲಿ ಇದು ಸಣ್ಣ ಸಂಗತಿ. ನಗರದಲ್ಲಿ ಹಾಗಲ್ಲ. ಹಿನ್ನೆಲೆ 100 ಇರುವಲ್ಲಿ ಶೇ. 2ರ ಮಂಕು ಎಂದರೆ 2 ಎಲೆಕ್ಟ್ರಾನ್. ನಾವು ಹುಡುಕುತ್ತಿರುವ ಸುರುಳಿ 1 ಎಲೆಕ್ಟ್ರಾನ್. ಧೂಳಿನ ನೆರಳು ಗೆಲಾಕ್ಸಿಗಿಂತ ಎದ್ದು ಕಾಣುತ್ತದೆ.

ಕ್ಯಾಮೆರಾ ಬಿಚ್ಚುವ ಮೊದಲೇ, ಫೋಕಸ್ ಮತ್ತು ತಿರುವು ಅಲುಗಿಸದೆ, ಟ್ಯೂಬಿನ ಬಾಯಿಗೆ ಬಿಳಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಕಟ್ಟಿ, ಅದರ ಮೇಲೆ ಎಲ್‌ಇಡಿ ಫಲಕ ಇಡಿ. 65,535ರಲ್ಲಿ ಮೀಡಿಯನ್ 25,000ದಿಂದ 30,000 ಬರುವಂತೆ ಎಕ್ಸ್‌ಪೋಷರ್ ಹೊಂದಿಸಿ 30 ಫ್ರೇಮ್ ತೆಗೆಯಿರಿ. ಸಮಯ 2-3 ಸೆಕೆಂಡ್ ಇರಲಿ. ತೀರಾ ಚಿಕ್ಕದಾದರೆ ಫಲಕದ ಮಿನುಗು ಅಡ್ಡಪಟ್ಟಿಗಳಾಗಿ ಬೀಳುತ್ತದೆ, ಅದಕ್ಕೆ ಬಟ್ಟೆಯ ಪದರ ಹೆಚ್ಚಿಸಿ. ಬಳಿಕ ಮುಚ್ಚಳ ಹಾಕಿ ಅದೇ ಸಮಯದ 30 ಡಾರ್ಕ್‌ಫ್ಲ್ಯಾಟ್. ಸರಿಪಡಿಸಿದ ಚಿತ್ರದ ಮೂಲೆಗಳು ನಡುವಿಗಿಂತ ಬೆಳ್ಳಗಾದರೆ ಆಕಾಶದ ಫ್ರೇಮ್‌ಗಳಿಂದ ಡಾರ್ಕ್ ಕಳೆಯುವುದು ಬಿಟ್ಟುಹೋಗಿದೆ ಅಥವಾ ಎಲ್ಲೋ ಬೆಳಕು ಸೋರುತ್ತಿದೆ ಎಂದರ್ಥ.

ಕಂಪ್ಯೂಟರಿನಲ್ಲಿ

ಉಚಿತವಾದ ಸಿರಿಲ್ ಸಾಫ್ಟ್‌ವೇರ್ ಸಾಕಷ್ಟಾಯಿತು. ಡಾರ್ಕ್, ಫ್ಲ್ಯಾಟ್ ಹಚ್ಚಿದ ಮೇಲೆ, ಸ್ಟ್ಯಾಕ್ ಮಾಡುವ (ಎಲ್ಲ ಫ್ರೇಮ್‌ಗಳನ್ನು ಒಂದಾಗಿ ಸೇರಿಸುವ) ಮೊದಲು ಪ್ರತಿ ಫ್ರೇಮಿನಿಂದಲೂ ಸರಳ ಇಳಿಜಾರಿನ (ಡಿಗ್ರಿ 1) ಹಿನ್ನೆಲೆ ಕಳೆಯಿರಿ. ಗುರಿ ಪೂರ್ವದಿಂದ ಪಶ್ಚಿಮಕ್ಕೆ ಸಾಗುವಾಗ ದೀಪದ ಹೊಳಪಿನ ದಿಕ್ಕು ಬದಲಾಗುತ್ತಲೇ ಇರುತ್ತದೆ, ಎಲ್ಲ ಸೇರಿದ ಮೇಲೆ ಆ ಗೋಜಲನ್ನು ಬಿಡಿಸುವುದು ಕಷ್ಟ. ಸ್ಟ್ಯಾಕ್ ಆದ ಮೇಲೆ ಅಂಚು ಕತ್ತರಿಸಿ, ಉಳಿದ ಇಳಿಜಾರಿಗೆ ಗ್ರಾಕ್ಸ್‌ಪರ್ಟ್ ಎಂಬ ಸಾಫ್ಟ್‌ವೇರ್ ಬಳಸಿ. ಹಿನ್ನೆಲೆ ಅಳೆಯುವ ಮಾದರಿ ಬಿಂದುಗಳು ನೀಹಾರಿಕೆಯ ಮೇಲೆ ಬೀಳದಂತೆ ಒಂದೊಂದನ್ನೂ ನೋಡಿ, ಇಲ್ಲದಿದ್ದರೆ ನೀಹಾರಿಕೆಯನ್ನೇ ಕಳೆದುಬಿಡುತ್ತದೆ. ಬಣ್ಣ ಸರಿಪಡಿಸುವುದು ಇದಾದ ಮೇಲೆ, ಸ್ಟ್ರೆಚ್ (ಮಸುಕಾದ ಭಾಗಗಳನ್ನು ಹಿಗ್ಗಿಸಿ ಬೆಳಗಿಸುವುದು) ಎಲ್ಲಕ್ಕಿಂತ ಕೊನೆಗೆ. ಸ್ಟ್ರೆಚ್ ಮಾಡುವಾಗ ಹಿಸ್ಟೊಗ್ರಾಮಿನ ಎಡತುದಿ ಗೋಡೆಗೆ ತಾಗದಂತೆ ಸ್ವಲ್ಪ ಜಾಗ ಬಿಡಿ. ಹಿನ್ನೆಲೆ ಕಡುಗಪ್ಪಾದರೆ ಇಷ್ಟು ಗಂಟೆಗಳಲ್ಲಿ ಕೂಡಿಸಿದ ಮಸುಕಾದ ಅಂಚುಗಳೇ ಮೊದಲು ಅಳಿಸಿಹೋಗುತ್ತವೆ.