ಪೆರುವಿಗೆ ಹೊರಟಿರಾ? ವಿಮಾನದ ಟಿಕೆಟ್ ಕೊನೆಗಿರಲಿ

ಪೆರುವಿನ ಬೆಟ್ಟದ ಮೇಲಿರುವ ಇಂಕಾಗಳ ಹಳೆಯ ಕಲ್ಲಿನ ಊರು ಮಾಚು ಪಿಚು ನೋಡಬೇಕು ಅನಿಸಿದವರು ಮೊದಲು ಮಾಡುವ ಕೆಲಸ ಅಗ್ಗದ ವಿಮಾನ ಹುಡುಕುವುದು. ಎಡವಟ್ಟು ಶುರುವಾಗುವುದೂ ಅಲ್ಲೇ. ರಾಜಧಾನಿ ಲಿಮಾಗೆ ಟಿಕೆಟ್ ಮಾಡಿಸಿ ಆಮೇಲೆ ನೋಡಿದರೆ ಆ ವಾರ ಮಾಚು ಪಿಚು ಪ್ರವೇಶ ಖಾಲಿಯಾಗಿರುತ್ತದೆ, ಇಲ್ಲವೇ ದಾರಿಯಲ್ಲಿ ವಿಮಾನ ಬದಲಿಸುವ ದೇಶದ ವೀಸಾ ಇರುವುದಿಲ್ಲ. ಮೊದಲು ವೀಸಾ, ಆಮೇಲೆ ಮಾಚು ಪಿಚು ತಾರೀಕು, ಕೊನೆಗೆ ವಿಮಾನ. ಈ ಕ್ರಮ ತಪ್ಪದಿದ್ದರೆ ಅರ್ಧ ತಲೆನೋವು ಕಡಿಮೆ.

ವೀಸಾ ಬೇಕೋ ಬೇಡವೋ

ಭಾರತದ ಸಾಮಾನ್ಯ ಪಾಸ್‌ಪೋರ್ಟ್‌ ಇದ್ದವರಿಗೆ ಪೆರುವಿನ ವೀಸಾ ಬೇಕು. ಆದರೆ 2017ರ ಮಾರ್ಚ್‌ನಿಂದ ಒಂದು ದೊಡ್ಡ ವಿನಾಯಿತಿ ಇದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ದೇಶಗಳ ವೀಸಾ ಇನ್ನೂ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿದ್ದರೆ, ಇಲ್ಲವೇ ಅಲ್ಲಿ ಕಾಯಂ ವಾಸದ ಪರವಾನಗಿ ಇದ್ದರೆ, ಪ್ರವಾಸಕ್ಕೋ ವ್ಯವಹಾರಕ್ಕೋ ಪೆರುವಿನ ವೀಸಾ ಇಲ್ಲದೆಯೇ ಹೋಗಬಹುದು. ಗರಿಷ್ಠ 180 ದಿನ. ಮಕ್ಕಳ ಮನೆಗೆಂದು 10 ವರ್ಷದ ಅಮೆರಿಕ ವೀಸಾ ಮಾಡಿಸಿಕೊಂಡಿರುವ ಅಪ್ಪ-ಅಮ್ಮಂದಿರು ಬೆಂಗಳೂರು, ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಪೆರುವಿಗೆ ಅರ್ಜಿಯನ್ನೇ ಹಾಕಬೇಕಿಲ್ಲ.

ಮುಗ್ಗರಿಸುವುದು ಆ 6 ತಿಂಗಳ ಲೆಕ್ಕದಲ್ಲಿ. ಲಿಮಾದಲ್ಲಿ ಇಳಿಯುವ ದಿನದಿಂದ ಎಣಿಸಿ. ಯುರೋಪ್ ಪ್ರವಾಸಕ್ಕೆಂದು ತೆಗೆದ ಷೆಂಗೆನ್ ವೀಸಾ ಸಾಮಾನ್ಯವಾಗಿ ಅಷ್ಟು ದಿನ ಉಳಿದಿರುವುದೇ ಇಲ್ಲ. ಅದನ್ನು ನಂಬಿ ಹೊರಡಬೇಡಿ. ಅಮೆರಿಕ ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲಿದ್ದರೆ ಹಳತು-ಹೊಸತು ಎರಡನ್ನೂ ಕೈಯಲ್ಲಿಡಿ. ಬ್ರಿಟನ್ನಿನ ವೀಸಾ ಈಗ ಆನ್‌ಲೈನ್ ದಾಖಲೆಯಾಗಿರುವುದರಿಂದ ಅದರ ಪ್ರಿಂಟ್ ತೆಗೆದುಕೊಳ್ಳಿ. ಮನೆಮಂದಿಯಲ್ಲಿ ಒಬ್ಬರಿಗೆ ವಿನಾಯಿತಿ ಸಿಕ್ಕಿತೆಂದು ಎಲ್ಲರಿಗೂ ಸಿಗುವುದಿಲ್ಲ. ಒಬ್ಬೊಬ್ಬರದನ್ನೂ ಬೇರೆಯಾಗಿ ನೋಡಿ. ನಿಮ್ಮನ್ನು ಮೊದಲು ತಡೆಯುವುದು ಲಿಮಾದ ಅಧಿಕಾರಿಯಲ್ಲ, ಬೆಂಗಳೂರಿನ ಚೆಕ್-ಇನ್ ಕೌಂಟರ್. ಅಪರೂಪದ ನಿಯಮವಾದ್ದರಿಂದ ಅಲ್ಲಿನ ಸಿಬ್ಬಂದಿ ಗೊಂದಲಕ್ಕೆ ಬೀಳಬಹುದು. ಪೆರು ರಾಯಭಾರ ಕಚೇರಿಯ ಜಾಲತಾಣದಲ್ಲಿರುವ ವಿನಾಯಿತಿಯ ಪುಟ ಪ್ರಿಂಟ್ ಮಾಡಿ ಇಟ್ಟುಕೊಳ್ಳಿ, ವಿಮಾನ ಹತ್ತುವ ಮೂರು ಗಂಟೆ ಮೊದಲೇ ಹೋಗಿ.

ವಿನಾಯಿತಿ ಇಲ್ಲದವರ ಅರ್ಜಿ ದೆಹಲಿಯ ರಾಯಭಾರ ಕಚೇರಿಗೆ. ಡಿಜಿಸಿ-005 ನಮೂನೆ, ಇನ್ನೂ 6 ತಿಂಗಳಾದರೂ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್, ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಕೆಲಸದ ಕಡೆಯ ರಜೆಪತ್ರ, ಹೋಟೆಲ್ ಮತ್ತು ವಿಮಾನದ ಕಾಯ್ದಿರಿಸುವಿಕೆ ಸಿದ್ಧವಿರಲಿ. ಹಣ ವಾಪಸ್ ಬರದ ಟಿಕೆಟ್ ಕೊಂಡು ಅರ್ಜಿ ಹಾಕುವುದು ಜೂಜು. ಹೊರಡುವ ಎರಡು ತಿಂಗಳ ಮೊದಲೇ, ಜೂನ್‌ನಿಂದ ಆಗಸ್ಟ್‌ವರೆಗಿನ ಪ್ರವಾಸವಾದರೆ ಇನ್ನೂ ಬೇಗ, ಕೆಲಸ ಶುರು ಮಾಡಿ.

ಒಂದೇ ಹೆಸರಿನ ತೊಂದರೆ

ಇದು ನಮ್ಮವರನ್ನೇ ಹೆಚ್ಚು ಕಾಡುವ ವಿಷಯ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಇರುವುದು ಒಂದೇ ಹೆಸರು. ಅಂಥವರ ಅಮೆರಿಕ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಕಡೆ ‘ಎಫ್‌ಎನ್‌ಯು’ ಎಂದು ಬಂದಿರುತ್ತದೆ. ಹೆಸರು ಗೊತ್ತಿಲ್ಲ ಎಂಬುದಕ್ಕೆ ಅವರು ಬಳಸುವ ಗುರುತು ಅದು. ಸ್ಪ್ಯಾನಿಷ್ ನಮೂನೆಗಳಲ್ಲಂತೂ ‘ಅಪೆಯಿದೋಸ್’ ಎಂದು ಸರ್‌ನೇಮ್ ಕೇಳಿಯೇ ಕೇಳುತ್ತಾರೆ, ಎರಡೆರಡು. ಅಪ್ಪನ ಹೆಸರನ್ನೋ ಊರ ಹೆಸರನ್ನೋ ಅಲ್ಲಿ ತುಂಬಬೇಡಿ. ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರನ್ನೇ ಎರಡೂ ಕಡೆ ಬರೆಯಿರಿ. ವಿಮಾನ ಟಿಕೆಟ್‌ಗೆ ಆಯಾ ಸಂಸ್ಥೆ ಹೇಳಿದಂತೆ ಮಾಡಿ. ಪಾಸ್‌ಪೋರ್ಟ್ ಸಂಖ್ಯೆಯ ಒಂದಕ್ಷರವೂ ತಪ್ಪಬಾರದು.

ಮಾಚು ಪಿಚು: ಟಿಕೆಟ್ ಅಲ್ಲ, ದಾರಿ ಆರಿಸಿ

2024ರ ಜೂನ್‌ನಿಂದ ಒಳಗೆ ಮೂರು ಸರ್ಕ್ಯೂಟ್‌ಗಳು, ಅಂದರೆ ಗೊತ್ತುಮಾಡಿದ ನಡೆದಾರಿಗಳು. ಟಿಕೆಟ್‌ನಲ್ಲಿ ಇರುವ ಸರ್ಕ್ಯೂಟ್ ಬಿಟ್ಟು ಇನ್ನೊಂದಕ್ಕೆ ಕಾಲಿಡುವಂತಿಲ್ಲ, ಹೊರಬಂದ ಮೇಲೆ ಮತ್ತೆ ಒಳಗೆ ಬಿಡುವುದಿಲ್ಲ. ಒಂದನೆಯದು ಮೇಲಿನಿಂದ ನೋಡುವುದು: ಕ್ಯಾಲೆಂಡರ್‌ಗಳಲ್ಲಿ ಕಾಣುವ ಚಿತ್ರ ಸಿಗುತ್ತದೆ, ಊರೊಳಗೆ ಇಳಿಯಲಾಗದು. ಮೂರನೆಯದು ಕೆಳಗಿನ ಭಾಗ. ವಾಯ್ನಾ ಪಿಚು ಬೆಟ್ಟ ಹತ್ತುವವರದೂ ಇದೇ. ಎರಡನೆಯದರಲ್ಲಿ ಚಿತ್ರವೂ ಸಿಗುತ್ತದೆ, ಒಳಗಿನ ಕಲ್ಲುಕೆಲಸವನ್ನೂ ಹತ್ತಿರದಿಂದ ನೋಡಬಹುದು. ಮೊದಲ ಸಲ ಹೋಗುವವರು ಕಣ್ಣುಮುಚ್ಚಿ ಎರಡನೆಯದರ ‘2-ಎ’ ದಾರಿ ತೆಗೆದುಕೊಳ್ಳಿ. ಎಲ್ಲರೂ ಹಾಗೇ ಮಾಡುವುದರಿಂದ ಮೊದಲು ಖಾಲಿಯಾಗುವುದೂ ಅದೇ.

ಮಾರಾಟ ಪೆರುವಿನ ಸಂಸ್ಕೃತಿ ಸಚಿವಾಲಯದ ‘ತು ಬೊಲೆತೊ’ ಜಾಲತಾಣದಲ್ಲಿ. ವಿದೇಶಿ ವಯಸ್ಕರಿಗೆ 152 ಸೋಲ್ (ಪೆರುವಿನ ಹಣ), ಬೆಟ್ಟ ಸೇರಿದರೆ 200. ದಿನಕ್ಕೆ 4,500 ಜನ, ದಟ್ಟಣೆಯ ದಿನಗಳಲ್ಲಿ 5,600. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗುವವರು ಮೂರ್ನಾಲ್ಕು ತಿಂಗಳು ಮೊದಲೇ ಕೊಳ್ಳಬೇಕು. ಬೆಟ್ಟದ ಬುಡದ ಆಗ್ವಾಸ್ ಕಾಲಿಯೆಂತೆಸ್ ಊರಿನಲ್ಲಿ ಮರುದಿನಕ್ಕೆಂದು 1,000 ಟಿಕೆಟ್ ಕೌಂಟರಿನಲ್ಲಿ ಕೊಡುತ್ತಾರೆ, ನಿಜ. ಆದರೆ ಅದಕ್ಕೆ ಅಲ್ಲೊಂದು ರಾತ್ರಿ ತಂಗಬೇಕು, ಬೇಕಾದ ಸರ್ಕ್ಯೂಟ್ ಸಿಗುವ ಖಾತ್ರಿ ಇಲ್ಲ.

ಟಿಕೆಟ್ ಗಂಟೆಯ ಲೆಕ್ಕದ್ದು. ಉರುಬಾಂಬಾ ಕಣಿವೆಯ ಒಲ್ಯಾಂತಾಯ್‌ತಂಬೊ ಊರಿನಿಂದ ಆಗ್ವಾಸ್ ಕಾಲಿಯೆಂತೆಸ್‌ಗೆ ರೈಲು ಸುಮಾರು ಒಂದೂಮುಕ್ಕಾಲು ಗಂಟೆ, ಅಲ್ಲಿಂದ ಅಂಕುಡೊಂಕು ರಸ್ತೆಯಲ್ಲಿ ಬಸ್ಸು ಅರ್ಧ ಗಂಟೆ, ಬಸ್ಸಿನ ಸಾಲು ಬೇರೆ. ರೈಲು ಇಳಿಯುವ ಹೊತ್ತಿಗೂ ಪ್ರವೇಶದ ಹೊತ್ತಿಗೂ ಎರಡು ಗಂಟೆ ಅಂತರ ಬಿಡಿ. ರೈಲಿನಲ್ಲಿ ದೊಡ್ಡ ಸೂಟ್‌ಕೇಸ್ ಬಿಡುವುದಿಲ್ಲ. ಅದನ್ನು ತಂಗಿದ ಹೋಟೆಲಿನಲ್ಲೇ ಇಟ್ಟು ಬನ್ನಿ. ಗೇಟಿನಲ್ಲಿ 40x35x20 ಸೆಂ.ಮೀ. ಮೀರಿದ ಚೀಲ ಒಳಗೆ ಹೋಗದು. ಶೌಚಾಲಯ ಇರುವುದು ಗೇಟಿನ ಹೊರಗೆ ಮಾತ್ರ, ಅದಕ್ಕೂ ಚಿಲ್ಲರೆ ಬೇಕು. ಮೂಲ ಪಾಸ್‌ಪೋರ್ಟ್ ಜೊತೆಗಿರಲಿ.

ಕಾಲ್ನಡಿಗೆಯಲ್ಲೇ ಮಾಚು ಪಿಚು ತಲುಪುವ ಇಂಕಾ ಟ್ರೇಲ್ ಬೇಕೆಂದವರಿಗೆ ದಿನಕ್ಕೆ 500 ಪರವಾನಗಿ, ಹೊರೆ ಹೊರುವವರೂ ಅದರಲ್ಲೇ ಸೇರಿ. ಏಜೆನ್ಸಿ ಮೂಲಕವೇ ಹೋಗಬೇಕು. ಫೆಬ್ರುವರಿಯಲ್ಲಿ ಬಂದ್.

ಎತ್ತರಕ್ಕೆ ಮೈ ಒಗ್ಗಲಿ

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮಾಚು ಪಿಚುಗೆ ಹೋಗುವವರು ವಿಮಾನ ಇಳಿಯುವ ಊರು ಕುಸ್ಕೊ. ಅಲ್ಲಿನ ವಿಮಾನ ನಿಲ್ದಾಣದಲ್ಲಿ ನೀವು ಕಾಲಿಡುವುದೇ ಹೆಚ್ಚುಕಡಿಮೆ 3,300 ಮೀಟರಿನಲ್ಲಿ, ಅದೂ ಸಮುದ್ರದಂಚಿನ ಲಿಮಾದಿಂದ ಒಂದೂಕಾಲು ಗಂಟೆಯಲ್ಲಿ. ತಲೆ ಸಿಡಿತ, ವಾಕರಿಕೆ, ನಿದ್ದೆ ಬಾರದಿರುವುದು ಅಲ್ಲಿ ಸಾಮಾನ್ಯ. ವಯಸ್ಸು, ವ್ಯಾಯಾಮ ಯಾವುದೂ ಇದನ್ನು ತಡೆಯುವುದಿಲ್ಲ. ಉಪಾಯ ಸರಳ. ಕುಸ್ಕೊದಲ್ಲಿ ಇಳಿದವರೇ ಅಲ್ಲಿ ಉಳಿಯದೆ ಟ್ಯಾಕ್ಸಿ ಹಿಡಿದು ಉರುಬಾಂಬಾ ಕಣಿವೆಗೆ ಇಳಿದುಬಿಡಿ. ಒಲ್ಯಾಂತಾಯ್‌ತಂಬೊ 2,800 ಮೀಟರಿನ ಆಸುಪಾಸಿನಲ್ಲಿದೆ, ಮಾಚು ಪಿಚು ಅದಕ್ಕಿಂತ ಕೆಳಗೆ, 2,430ರಲ್ಲಿ. ಕಣಿವೆಯಲ್ಲಿ ಎರಡು ರಾತ್ರಿ, ಮಾಚು ಪಿಚು, ಕೊನೆಗೆ ಕುಸ್ಕೊ. 5,000 ಮೀಟರ್ ದಾಟುವ ಕಾಮನಬಿಲ್ಲಿನ ಬೆಟ್ಟ, ಅಂದರೆ ವಿನಿಕುಂಕಾ, ಐದನೆಯ ದಿನಕ್ಕಿಂತ ಮೊದಲು ಬೇಡ.

ಎತ್ತರದ ಈ ತೊಂದರೆ ತಡೆಯಲು ಕೊಡುವ ಅಸೆಟಝೋಲಮೈಡ್ ಮಾತ್ರೆಯನ್ನು ಊರಲ್ಲೇ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ. ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಬಾರಿ, ಮೇಲೇರುವ ಹಿಂದಿನ ದಿನದಿಂದ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮರೆಯದೆ ಹೇಳಿ. ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ನಡೆಯುವಾಗ ತೂರಾಡಿದರೆ ನಾಳೆ ನೋಡೋಣ ಅನ್ನಬೇಡಿ, ಆ ರಾತ್ರಿಯೇ ಕೆಳಗಿಳಿಯಬೇಕು.

ಈಗ ವಿಮಾನ

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಆಮ್‌ಸ್ಟರ್‌ಡ್ಯಾಮ್ ಅಥವಾ ಪ್ಯಾರಿಸ್ ಮೂಲಕ ಒಂದೇ ಕಡೆ ಬದಲಿಸಿ ಲಿಮಾ ತಲುಪಬಹುದು. ಅಮೆರಿಕದ ಮೂಲಕ ಹೋದರೆ ಎರಡು ಗಂಟೆ ವಿಮಾನ ಬದಲಿಸಲಿಕ್ಕೂ ಅಮೆರಿಕ ವೀಸಾ ಬೇಕು. ಅಲ್ಲಿ ಎಲ್ಲರೂ ವಲಸೆ ತಪಾಸಣೆ ದಾಟಲೇಬೇಕು. ಯುರೋಪಿನಲ್ಲಿ ಟ್ರಾನ್ಸಿಟ್ ನಿಯಮ ದೇಶಕ್ಕೊಂದು. ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿದರೆ ಲಗೇಜ್ ತೆಗೆದುಕೊಳ್ಳಲು ಹೊರಗೆ ಬರಬೇಕಾಗಿ, ಷೆಂಗೆನ್ ವೀಸಾವೇ ಬೇಕಾದೀತು. ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ.

ಮಳೆಯಿಲ್ಲದ ಕಾಲ ಮೇಯಿಂದ ಸೆಪ್ಟೆಂಬರ್. ಲಿಮಾದ ಮೇಲೆ ಆಗ ಬೂದು ಮಂಜು ಕವಿದಿರುತ್ತದೆ, ಆ ಊರಿಗೆ ಎರಡು ದಿನ ಸಾಕು.

ಲಿಮಾದಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಬೀಳದಿದ್ದರೆ ಗಾಬರಿಯಾಗಬೇಡಿ, ಪ್ರವೇಶ ಆನ್‌ಲೈನಿನಲ್ಲೇ ದಾಖಲಾಗುತ್ತದೆ. ಎಷ್ಟು ದಿನ ಕೊಟ್ಟರೆಂದು ಕೌಂಟರಿನಲ್ಲೇ ಕೇಳಿಕೊಳ್ಳಿ. ಮೀರಿದರೆ ದಿನದ ಲೆಕ್ಕದಲ್ಲಿ ದಂಡ. ಪ್ರವೇಶದ ದಾಖಲೆ ತೋರಿಸಿದರೆ ಹೋಟೆಲ್ ಬಾಡಿಗೆಯ ಮೇಲಿನ 18% ತೆರಿಗೆ ವಿದೇಶಿ ಪ್ರವಾಸಿಗರಿಗೆ ಮಾಫಿ. ಕೇಳದಿದ್ದರೆ ಕೆಲವು ಕಡೆ ಹಾಕಿಬಿಡುತ್ತಾರೆ. ಡಾಲರ್ ನೋಟು ಗರಿಗರಿಯಾಗಿರಲಿ, ಅಂಚು ಒಂದಿಷ್ಟು ಹರಿದಿದ್ದರೂ ಮುಟ್ಟುವುದಿಲ್ಲ. ನಮ್ಮ ಎರಡು ದುಂಡು ಪಿನ್ನಿನ ಚಾರ್ಜರ್ ಅಲ್ಲಿ ನಡೆಯುತ್ತದೆ, ಮೂರು ಪಿನ್ನಿನದು ನಡೆಯದು.

ಸಸ್ಯಾಹಾರಿಗಳು ‘ಸಿನ್ ಕಾರ್ನೆ’ ಎಂದಷ್ಟೇ ಹೇಳಿದರೆ ಕೋಳಿ ಬರುತ್ತದೆ. ಅಲ್ಲಿನವರ ಮಾತಿನಲ್ಲಿ ಕಾರ್ನೆ ಎಂದರೆ ಮುಖ್ಯವಾಗಿ ದನದ ಮಾಂಸ. ‘ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ’ ಎಂದು ಮಾಂಸ, ಕೋಳಿ, ಮೀನು ಮೂರೂ ಬೇಡವೆಂದು ಹೇಳಿ. ಸೂಪಿನ ಮೂಲ ರಸವನ್ನೂ ವಿಚಾರಿಸಿ. ಆಲೂಗಡ್ಡೆಯ ತವರೂರು ಅದು, ಹಸಿವಿನಿಂದ ಇರಬೇಕಾಗಿಲ್ಲ. ಹಳದಿ ಮೆಣಸಿನಕಾಯಿ ಮತ್ತು ಚೀಸ್ ಅರೆದ ಗಟ್ಟಿ ಸಾರು ಹಾಕಿದ ‘ಪಾಪಾ ಆ ಲಾ ವಾಂಕಾಯಿನಾ’ ನಮ್ಮ ನಾಲಗೆಗೆ ಹಿಡಿಸುತ್ತದೆ. ಮೊಟ್ಟೆ ಬೇಡವಾದರೆ ಮೊದಲೇ ಹೇಳಿ.

ವಾಪಸ್ ಬರುವಾಗ

ಹಳದಿ ಜ್ವರದ ಲಸಿಕೆಯನ್ನು ಬಹುತೇಕರು ಪೆರುವಿಗಾಗಿ ಎಂದುಕೊಳ್ಳುತ್ತಾರೆ. ಅಮೆಜಾನ್ ಕಾಡಿಗೆ ಹೋಗದವರಿಗೂ ಅದನ್ನು ಕೇಳುವುದು ನಮ್ಮ ದೇಶವೇ. ಪೆರುವಿನಿಂದ ಹೊರಟ 6 ದಿನದೊಳಗೆ ಲಸಿಕೆ ಪತ್ರವಿಲ್ಲದೆ ಭಾರತದಲ್ಲಿ ಇಳಿದರೆ, ಆ 6 ದಿನ ತುಂಬುವವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಪತ್ರ ಚಾಲ್ತಿಗೆ ಬರುವುದು 10 ದಿನದ ಮೇಲೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆಯಲ್ಲಿ ಬೆಳೆಸುವ ಜೀವಂತ ಲಸಿಕೆಯಾದ್ದರಿಂದ ಮೊಟ್ಟೆ ಅಲರ್ಜಿಯವರು, 60 ದಾಟಿದವರು ಮೊದಲೇ ವೈದ್ಯರನ್ನು ಕಾಣಬೇಕು. ಲಸಿಕೆ ಪತ್ರದ ಹಳದಿ ಪುಸ್ತಕವನ್ನು ಚೆಕ್-ಇನ್ ಚೀಲಕ್ಕೆ ಹಾಕಬೇಡಿ. ಲಗೇಜ್ ಬೆಲ್ಟಿಗಿಂತ ಮೊದಲೇ ಅದನ್ನು ಕೇಳುತ್ತಾರೆ.

ಕುಸ್ಕೊ ಹೋಟೆಲುಗಳಲ್ಲಿ ಬಿಟ್ಟಿಯಾಗಿ ಸಿಗುವ ಕೋಕಾ ಎಲೆಯ ಚಹಾ ಅಲ್ಲಿ ಕುಡಿದರೆ ತಪ್ಪಿಲ್ಲ. ಆದರೆ ಅದರ ಒಂದು ಪೊಟ್ಟಣವೂ ಚೀಲದಲ್ಲಿ ಬರಬಾರದು. ಭಾರತದ 1985ರ ಮಾದಕವಸ್ತು ಕಾಯ್ದೆಯಲ್ಲಿ ಕೋಕಾ ಎಲೆಯೂ ನಿಷಿದ್ಧ, ಚಹಾ ಪುಡಿ ಎಂದರೆ ಬಿಡುವುದಿಲ್ಲ.