ಕುಲಿ ಲೋಚ್ ಹಿಡಿಯೋಕೆ ಬಲೆ ಬೇಡ, ಬಾಟಲಿ ಸಾಕು

ಅಕ್ವೇರಿಯಂ ಟ್ಯಾಂಕಿಂದ ಕುಲಿ ಲೋಚ್ ಅನ್ನೋ ಹಾವಿನಂಥ ಪುಟ್ಟ ಮೀನನ್ನು ತೆಗೆಯಬೇಕಾದಾಗ ಬಲೆ ಹಿಡಿದು ಓಡಿಸಬೇಡಿ. ರಾತ್ರಿ ಲೈಟ್ ಆರಿಸಿದ ಮೇಲೆ, ಚೆನ್ನಾಗಿ ತೊಳೆದ ಸಣ್ಣ ಬಾಯಿಯ ಗಾಜಿನ ಬಾಟಲಿಗೆ ತಳಕ್ಕೆ ಮುಳುಗುವ ಪೆಲೆಟ್ (ಮೀನಿನ ಆಹಾರದ ಗುಳಿಗೆ) ಎರಡು ಹಾಕಿ, ಒಳಗೆ ಗಾಳಿ ಉಳಿಯದ ಹಾಗೆ ನೀರು ತುಂಬಿಸಿ, ಬಾಯಿ ಮರಳಿಗೆ ತಾಗುವಂತೆ ಮಲಗಿಸಿ. ಒಂದೆರಡು ಗಂಟೆ ಬಿಟ್ಟು ಬಾಯಿಗೆ ಹೆಬ್ಬೆರಳು ಒತ್ತಿ ಹಾಗೇ ಎತ್ತಿದರೆ ಆಯ್ತು. ಜಾವಾ ಕಡೆಯ ಈ ಮೀನು ಹಗಲೆಲ್ಲಾ ಅಡಗಿದ್ದು ಕತ್ತಲಾದ ಮೇಲೆ ಮೀಸೆಯಿಂದ ತಳ ತಡಕಿ ಆಹಾರ ಹುಡುಕುತ್ತದೆ, ಇಕ್ಕಟ್ಟಾದ ಜಾಗ ಅಂದರೆ ಅದಕ್ಕೆ ಇಷ್ಟ, ಹಾಗಾಗಿ ತಾನಾಗೇ ಒಳಗೆ ನುಗ್ಗುತ್ತದೆ. ಬಲೆ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ಇದು ಮುಖ್ಯ. ಇದರ ಕಣ್ಣಿನ ಕೆಳಗೆ ಪುಟ್ಟ ಮುಳ್ಳಿದೆ, ಹೆದರಿದಾಗ ಅದನ್ನು ಹೊರಗೆ ಚಾಚುತ್ತದೆ. ಅದು ಬಲೆಗೆ ಸಿಕ್ಕಿಕೊಂಡರೆ, ಬಿಡಿಸುವಾಗ ಪಾಪ ಮೀನಿಗೇ ಗಾಯ. ನಮ್ಮ ಹಳ್ಳಗಳಲ್ಲಿ ಸಿಗುವ ಮುಳ್ಳು ಲೋಚ್‌ಗೂ ಇಂಥದೇ ಮುಳ್ಳಿದೆ, ಅಲ್ಲೂ ಬಲೆಯ ವಿಷಯದಲ್ಲಿ ಹುಷಾರು. ಸಂಜೆ ಜಾಸ್ತಿ ಆಹಾರ ಹಾಕಿದ್ದರೆ ಈ ಉಪಾಯ ನಡೆಯಲ್ಲ, ಹಸಿವಿಲ್ಲದ ಮೀನು ಬಾಟಲಿ ಕಡೆ ತಿರುಗಿಯೂ ನೋಡಲ್ಲ. ಅಂಗಡಿಯಿಂದ ನಿನ್ನೆಯಷ್ಟೇ ತಂದ ಮೀನೂ ಅಷ್ಟೇ, ಬೆದರಿ ಮರಳೊಳಗೆ ಹೂತುಕೊಂಡಿರುತ್ತದೆ, ಕೆಲವು ದಿನ ಕಾಯಿರಿ. ರಾತ್ರಿಯಿಡೀ ಮಾತ್ರ ಬಾಟಲಿ ಬಿಡಬೇಡಿ, ನಾಲ್ಕೈದು ಮೀನು ಒಟ್ಟಿಗೆ ನುಗ್ಗಿದರೆ ಒಳಗಿನ ನೀರಲ್ಲಿ ಆಮ್ಲಜನಕ ಸಾಲದೇ ಹೋಗಬಹುದು.