ಕಂಪಾಸ್ ಡಬ್ಬಿಯಷ್ಟು ಬಣ್ಣ: ರಜೆಯ ಪ್ರಯಾಣಕ್ಕೆ ಚಿತ್ರದಿನಚರಿಯ ಚೀಲ

ಕೆಲವು ವರ್ಷಗಳ ಹಿಂದೆ ಬೇಸಿಗೆ ರಜೆಯಲ್ಲಿ ಕಲಬುರಗಿಯಿಂದ ಬೀದರಿಗೆ ಹೊರಟಾಗ ನನ್ನ ಚೀಲದಲ್ಲಿ ಇಪ್ಪತ್ತನಾಲ್ಕು ಬಣ್ಣದ ಆಯಿಲ್ ಪಾಸ್ಟೆಲ್ ಡಬ್ಬಿ, ಎರಡು ದಪ್ಪ ಪುಸ್ತಕ, ಏಳು ಕುಂಚ, ಕತ್ತರಿ, ಅಂಟಿನ ಬಾಟಲಿ ಎಲ್ಲವೂ ಇದ್ದವು. ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಆ ಚೀಲವನ್ನು ಬಿಟ್ಟು ಊಟ ಮುಗಿಸಿ ಬರುವಷ್ಟರಲ್ಲಿ ಪಾಸ್ಟೆಲ್‌ಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಡಬ್ಬಿಯಿಂದ ಜಿನುಗಿದ ಎಣ್ಣೆ ಪುಸ್ತಕದ ಅಂಚನ್ನೆಲ್ಲ ನೆನೆಸಿಬಿಟ್ಟಿತ್ತು. ನಾಲ್ಕು ದಿನಗಳ ಆ ಪ್ರವಾಸದಲ್ಲಿ ನಾನು ತುಂಬಿಸಿದ್ದು ಎರಡೇ ಪುಟ. ತಪ್ಪು ಬಿಸಿಲಿನದ್ದಾಗಿರಲಿಲ್ಲ. ಮನೆಯ ಮೇಜಿನ ಮೇಲೆ ಚೆನ್ನಾಗಿ ಕಂಡ ಸಾಮಾನನ್ನೆಲ್ಲ ಹೊತ್ತುಕೊಂಡು ಹೋದ ನನ್ನದೇ ತಪ್ಪು ಅದು.

ಚಿತ್ರದಿನಚರಿ ಎಂದರೆ ಕಂಡದ್ದನ್ನು ಚಿತ್ರ, ಬಣ್ಣ, ಒಂದೆರಡು ಸಾಲಿನ ಬರಹ, ಅಂಟಿಸಿದ ಚೀಟಿ ಇವುಗಳ ಮೂಲಕ ದಿನದಿನವೂ ದಾಖಲಿಸುವ ಪುಸ್ತಕ. ಪ್ರವಾಸದಲ್ಲಿ ಅದಕ್ಕೆ ಸಿಗುವ ಸಮಯ ಬಹಳ ಕಡಿಮೆ. ಬೀದರ್ ಕೋಟೆಯ ಗುಂಬಜ್ ದರವಾಜಾದ ಮುಂದೆ ಮನೆಯವರು ನಿಮಗಾಗಿ ಹೆಚ್ಚೆಂದರೆ ಹತ್ತು ನಿಮಿಷ ನಿಂತಾರು, ಅದರಲ್ಲಿಯೂ ಐದು ನಿಮಿಷ ಫೋಟೊ ತೆಗೆಯಲು ಹೋಗುತ್ತದೆ. ಆದ್ದರಿಂದ ಪ್ರತಿಯೊಂದು ವಸ್ತುವನ್ನು ಚೀಲಕ್ಕೆ ಹಾಕುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ನಿಂತುಕೊಂಡೇ ಇದನ್ನು ಬಳಸಲು ಸಾಧ್ಯವೇ, ಮತ್ತು 40 ಡಿಗ್ರಿ ದಾಟುವ ನಮ್ಮ ಭಾಗದ ಬಿಸಿಲನ್ನು ಇದು ತಾಳುತ್ತದೆಯೇ. ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ಮಾತ್ರ ಆ ವಸ್ತು ಒಳಗೆ ಹೋಗಲಿ.

ಮೊದಲು ಪುಸ್ತಕ. ಅಂಗೈಯಲ್ಲಿ ಹಿಡಿದು ನಿಂತೇ ಬರೆಯಲು ಎ6 ಅಳತೆ, ಅಂದರೆ 105 × 148 ಮಿ.ಮೀ., ಸಾಕು, ಕುಳಿತು ಬರೆಯುವ ಅವಕಾಶ ಹೆಚ್ಚಾಗಿ ಸಿಗುವವರು ಅದರ ಎರಡರಷ್ಟಿರುವ ಎ5 ಕೊಳ್ಳಬಹುದು. ಜಲವರ್ಣಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದವೇ ಬೇಕೆಂದು ಅನೇಕರು ಹೇಳುತ್ತಾರೆ. ನೀರನ್ನು ಧಾರಾಳವಾಗಿ ಹರಿಸುವವರಿಗೆ ಆ ಮಾತು ಸರಿ, ಆದರೆ ದಿನಚರಿಯ ತೆಳುವಾದ ಬಣ್ಣಕ್ಕೆ 200 ಜಿಎಸ್‌ಎಂ ಸಾಕಾಗುತ್ತದೆ, ಅಷ್ಟೇ ದಪ್ಪದ ಪುಸ್ತಕದಲ್ಲಿ ಹೆಚ್ಚು ಪುಟಗಳೂ ಸಿಗುತ್ತವೆ. ಇದಕ್ಕಿಂತ ಮುಖ್ಯವಾದದ್ದು ಹೊಲಿಗೆ. ತೆರೆದಾಗ ಎರಡೂ ಪುಟಗಳು ಒಂದೇ ಹಾಸಿನಂತೆ ಮಲಗುವ, ದಾರದಿಂದ ಹೊಲಿದ ಪುಸ್ತಕವನ್ನೇ ಆರಿಸಬೇಕು. ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಉದ್ದನೆಯ ಬೆಟ್ಟಸಾಲನ್ನು ಒಂದೇ ಪುಟದೊಳಗೆ ತುರುಕಲು ಹೊರಟವರಿಗೆ ಇದರ ಬೆಲೆ ತಾನಾಗಿಯೇ ತಿಳಿಯುತ್ತದೆ. ಅಂಟಿನಿಂದ ಮಾತ್ರ ಕಟ್ಟಿದ ಪುಸ್ತಕದ ಬೆನ್ನು ಬಿಸಿಲಿಗೆ ಸಡಿಲವಾಗಿ ಹಾಳೆಗಳು ಉದುರುವುದೂ ಉಂಟು.

ಬಣ್ಣಕ್ಕೆ ಒಣ ಜಲವರ್ಣವೇ ಪ್ರವಾಸಕ್ಕೆ ಒಪ್ಪುವ ಮಾಧ್ಯಮ. ಅದು ಸೋರುವುದಿಲ್ಲ, ಕರಗುವುದಿಲ್ಲ, ಒಂದು ಹನಿ ನೀರಿಗೆ ಎಚ್ಚರವಾಗುತ್ತದೆ. ಇದಕ್ಕಾಗಿ ದುಬಾರಿ ಪ್ರಯಾಣದ ಸೆಟ್ ಕೊಳ್ಳಬೇಕಾಗಿಲ್ಲ. ಶಾಲೆಯ ಮಕ್ಕಳ ಹಳೆಯ ತಗಡಿನ ಕಂಪಾಸ್ ಡಬ್ಬಿಯೇ ಉತ್ತಮ ಬಣ್ಣದ ಪೆಟ್ಟಿಗೆಯಾಗುತ್ತದೆ. ಕಲಾಸಾಮಗ್ರಿಯ ಅಂಗಡಿಗಳಲ್ಲಿ ಹಾಫ್ ಪ್ಯಾನ್ ಎಂದು ಕರೆಯುವ ಖಾಲಿ ಪ್ಲಾಸ್ಟಿಕ್ ಬಟ್ಟಲುಗಳು ಸಿಗುತ್ತವೆ. ಅಂಥ ಎಂಟು ಬಟ್ಟಲುಗಳನ್ನು ತಂದು, ಪ್ರತಿಯೊಂದರ ತಳಕ್ಕೆ ಸಣ್ಣ ಅಯಸ್ಕಾಂತದ ತುಂಡನ್ನು ಅಂಟಿಸಿದರೆ ಅವು ಡಬ್ಬಿಯೊಳಗೆ ಕದಲದೆ ಕೂರುತ್ತವೆ, ಬೇಕೆಂದಾಗ ಕಿತ್ತು ಬದಲಾಯಿಸಲೂ ಬರುತ್ತವೆ. ಎರಡೂ ಬದಿಗೆ ಅಂಟುವ ಟೇಪು ಬಿಸಿಲಿಗೆ ಜಾರುವುದರಿಂದ ಅದನ್ನು ನಂಬಬಾರದು. ಮುಚ್ಚಳದ ಒಳಭಾಗಕ್ಕೆ ಬಿಳಿ ಎನಾಮೆಲ್ ಬಳಿದು ಒಣಗಿಸಿದರೆ ಬಣ್ಣ ಕಲಸುವ ತಟ್ಟೆ ಸಿದ್ಧವಾಗುತ್ತದೆ.

ಬಟ್ಟಲುಗಳಿಗೆ ಟ್ಯೂಬಿನ ಜಲವರ್ಣವನ್ನು ಹಿಂಡುವ ಕೆಲಸವನ್ನು ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ, ಕನಿಷ್ಠ ಒಂದು ವಾರ ಮೊದಲೇ ಮಾಡಿ. ಒಮ್ಮೆಗೇ ಅಂಚಿನವರೆಗೆ ತುಂಬಿಸಿದರೆ ಮೇಲ್ಪದರ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮೂರು ತೆಳು ಪದರಗಳಾಗಿ, ಒಂದು ಒಣಗಿದ ಮೇಲೆ ಇನ್ನೊಂದನ್ನು ಹಾಕಬೇಕು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಈ ಬಣ್ಣ ಹಪ್ಪಳದಂತೆ ಬಿರುಕು ಬಿಟ್ಟು ಬಟ್ಟಲಿನಿಂದ ಎದ್ದು ಬರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಗ್ಲಿಸರಿನ್‌ನ ಒಂದು ಹನಿಯನ್ನು ಮೊದಲೇ ಬೆರೆಸಿ, ನೆರಳಿನಲ್ಲಿ ಒಣಗಿಸಿದರೆ ಇದನ್ನು ತಪ್ಪಿಸಬಹುದು. ಒಂದು ಹನಿಗಿಂತ ಹೆಚ್ಚಾದರೆ ಬಣ್ಣ ಎಂದಿಗೂ ಒಣಗದೆ ಜಿಗುಟಾಗಿಯೇ ಉಳಿಯುತ್ತದೆ.

ಎಂಟು ಬಣ್ಣಗಳು ಯಾವುವು ಎಂಬುದನ್ನು ಹೋಗುವ ಊರಿನ ಕಲ್ಲನ್ನು ನೆನೆದು ಆರಿಸುವುದು ನನ್ನ ಪದ್ಧತಿ. ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ಆ ಪದ್ಧತಿ ಸೊಗಸಾಗಿ ಒದಗುತ್ತದೆ, ಏಕೆಂದರೆ ಇಲ್ಲಿ ನೂರಿನ್ನೂರು ಕಿಲೋಮೀಟರಿನೊಳಗೆ ನೆಲದ ಬಣ್ಣವೇ ಬದಲಾಗುತ್ತದೆ. ಬೀದರಿನದು ಜಂಬಿಟ್ಟಿಗೆಯ ಕೆಂಪು. ಕೋಟೆಯ ಗೋಡೆಯಾಗಲಿ ಕಂದಕವಾಗಲಿ ಬರ್ನ್ಟ್ ಸಿಯೆನಾ ಬಣ್ಣಕ್ಕೆ ಚೂರು ಕ್ರಿಮ್ಸನ್ ಸೇರಿಸಿದರೆ ಮೂಡಿಬರುತ್ತದೆ, ಅದರ ನೆರಳಿಗೆ ಅದೇ ಮಿಶ್ರಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಬೇಕು. ಶಹಾಬಾದ, ಸೇಡಂ ಕಡೆಯ ಸುಣ್ಣಕಲ್ಲಿನ ತಣ್ಣನೆಯ ಬೂದು ಬೇಕಾದರೆ ಅಲ್ಟ್ರಾಮರೀನ್ ಹೆಚ್ಚು, ಬರ್ನ್ಟ್ ಸಿಯೆನಾ ಕಡಿಮೆ ಮಾಡಿ ಬಹಳ ನೀರು ಹಾಕಿ. ಇದೇ ಎರಡು ಬಣ್ಣಗಳನ್ನು ದಟ್ಟವಾಗಿ ಕಲಸಿದರೆ ಕಲಬುರಗಿ ಸುತ್ತಲಿನ ಎರೆಹೊಲದ ಕಪ್ಪು. ಯಾದಗಿರಿ, ಸುರಪುರದ ಕಡೆಯ ಗ್ರಾನೈಟ್ ಬಂಡೆಗಳಿಗೆ ಯೆಲ್ಲೋ ಓಕರ್ ಬೆರೆತ ತಿಳಿಗೆಂಪು, ಅದರ ಮೇಲೆ ಬೂದಿನ ತೇಪೆ. ಅಲ್ಲಿಗೆ ನಾಲ್ಕು ಬಣ್ಣಗಳಾದವು. ಉಳಿದ ನಾಲ್ಕು ಸ್ಥಾನಗಳಿಗೆ ಲೆಮನ್ ಯೆಲ್ಲೋ, ಸ್ಯಾಪ್ ಗ್ರೀನ್, ಪ್ರಷ್ಯನ್ ನೀಲಿ ಮತ್ತು ಒಂದು ಪ್ರಖರ ಕೆಂಪು ಇರಲಿ. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದ ಮಿನಾರಿನಲ್ಲಿ ಉಳಿದಿರುವ ಹೆಂಚುಗಳ ನೀಲಿಗೆ ಮತ್ತು ಹಸಿರಿಗೆ ಪ್ರಷ್ಯನ್ ನೀಲಿ ಇಲ್ಲದೆ ನಡೆಯುವುದಿಲ್ಲ. ದಸರಾ ರಜೆಯಲ್ಲಿ ಹೊರಡುವವರು ಸ್ಯಾಪ್ ಗ್ರೀನ್ ಬಟ್ಟಲನ್ನು ತುಂಬಿಸಿಕೊಂಡೇ ಹೊರಡಬೇಕು, ಆಗ ದಾರಿಯುದ್ದಕ್ಕೂ ತೊಗರಿ ಹೊಲ ಹಸಿರಾಗಿರುತ್ತದೆ. ಬೇಸಿಗೆಯಲ್ಲಿ ಆ ಬಟ್ಟಲು ಮುಟ್ಟದೆಯೇ ಮನೆಗೆ ಮರಳುವುದುಂಟು.

ಕಪ್ಪು ಮತ್ತು ಬಿಳಿ ಬಣ್ಣದ ಬಟ್ಟಲುಗಳು ಬೇಡ. ಬಿಳಿಗೆ ಒಂದು ಬಿಳಿ ಜೆಲ್ ಪೆನ್ ಸಾಕು, ಬೀದರಿನಲ್ಲಂತೂ ಅದು ದುಡಿದು ದಣಿಯುತ್ತದೆ. ಬಿದರಿ ಕೆಲಸದಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯನ್ನು ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಿಂದ ಲೋಹವನ್ನು ಕಪ್ಪಾಗಿಸುತ್ತಾರೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಆ ಹೂಜಿಯನ್ನೋ ತಟ್ಟೆಯನ್ನೋ ಬರೆಯುವ ಸುಲಭ ದಾರಿಯೆಂದರೆ ಮನೆಯಲ್ಲಿಯೇ ಎರಡು ಪುಟಗಳಿಗೆ ದಟ್ಟ ಕಪ್ಪು ಬಳಿದು ಒಣಗಿಸಿಕೊಂಡು ಹೋಗಿ, ಅಲ್ಲಿ ಬಿಳಿ ಪೆನ್ನಿನಿಂದ ಬಳ್ಳಿ ಹೂಗಳನ್ನಷ್ಟೇ ಎಳೆಯುವುದು. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸಕ್ಕೂ ಅದೇ ಪುಟ ಒದಗುತ್ತದೆ.

ಗೆರೆಗೆ ಬಳಸುವ ಪೆನ್ ನೀರಿಗೆ ಹರಡಬಾರದು. ಪಿಗ್ಮೆಂಟ್ ಶಾಯಿಯ ಪೆನ್ನುಗಳು ಇದಕ್ಕೆಂದೇ ಇವೆ, 0.1 ಮತ್ತು 0.5 ಮೊನೆಯವು ಒಂದೊಂದು ಇದ್ದರೆ ಬೇರೇನೂ ಬೇಡ. ಆದರೆ ಹತ್ತು ರೂಪಾಯಿಯ ಸಾದಾ ಬಾಲ್ ಪೆನ್ನನ್ನು ಕಡೆಗಣಿಸಬೇಡಿ: ಅದರ ಶಾಯಿ ಎಣ್ಣೆಯ ಅಂಶದ್ದಾದ್ದರಿಂದ ಬಹುಮಟ್ಟಿಗೆ ನೀರಿಗೆ ಜಗ್ಗುವುದಿಲ್ಲ, ಬಸ್ಸಿನ ಕುಲುಕಾಟದಲ್ಲಿಯೂ ಬರೆಯುತ್ತದೆ, ಕಳೆದುಹೋದರೆ ದುಃಖವೂ ಇಲ್ಲ. ಯಾವ ಪೆನ್ ಆದರೂ ಹೊರಡುವ ಮೊದಲು ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು, ಒಂದು ನಿಮಿಷ ಬಿಟ್ಟು, ಒದ್ದೆ ಕುಂಚ ಆಡಿಸಿ ಪರೀಕ್ಷಿಸಿಕೊಳ್ಳಿ. ಜೊತೆಗೆ ಒಂದು 2ಬಿ ಪೆನ್ಸಿಲ್. ಕಣಕದಂತೆ ನಾದುವ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಸಾಮಾನ್ಯ ಪ್ಲಾಸ್ಟಿಕ್ ರಬ್ಬರನ್ನೇ ಒಯ್ಯಿರಿ.

ಕುಂಚದ ವಿಷಯದಲ್ಲಿ ನಾನು ಹಟಮಾರಿ: ಹಿಡಿಯಲ್ಲಿ ನೀರು ತುಂಬುವ ಒಂದು ವಾಟರ್ ಬ್ರಷ್, ಚೂಪು ಮೊನೆಯ ಒಂದು 8ನೇ ನಂಬರಿನ ದುಂಡು ಕುಂಚ, ಅಷ್ಟೇ. ಬಿಸಿಗಾಳಿಯಲ್ಲಿ ಬಣ್ಣ ಕಾಗದಕ್ಕೆ ತಾಗಿದ ಕೂಡಲೇ ಒಣಗಿ ಅಂಚುಗಳು ಗಟ್ಟಿಯಾಗಿ ನಿಲ್ಲುವುದರಿಂದ, ಆಕಾಶದಂಥ ಅಗಲವಾದ ಜಾಗಕ್ಕೆ ಸಣ್ಣ ಕುಂಚ ಹಿಡಿದವರು ಪಟ್ಟೆಪಟ್ಟೆ ಮಾಡಿಕೊಳ್ಳುತ್ತಾರೆ. ದಪ್ಪ ಕುಂಚ ಒಂದೇ ಬೀಸಿಗೆ ಮುಗಿಸುತ್ತದೆ. ವಾಟರ್ ಬ್ರಷ್ಷನ್ನು ಖಾಲಿಯಾಗಿಯೇ ಒಯ್ದು, ತಲುಪಿದ ಮೇಲೆ ಕುಡಿಯುವ ನೀರನ್ನು ತುಂಬಿಸಿ. ತುಂಬಿಸಿ ಒಯ್ದರೆ ಒಳಗಿನ ಗಾಳಿ ಕಾದು ಹಿಗ್ಗಿ ನೀರನ್ನು ಹೊರಗೆ ತಳ್ಳುತ್ತದೆ. ಸವಳು ನೀರನ್ನು ಹಾಕಿದರೆ ಅದರ ಸಣ್ಣ ಬಾಯಿಯಲ್ಲಿ ಬಿಳಿ ಪದರ ಕಟ್ಟಿಕೊಳ್ಳುತ್ತದೆ. ಕುಂಚ ಒರೆಸಲು ಹಳೆಯ ಕಾಲುಚೀಲದ ಮೇಲ್ಭಾಗವನ್ನು ಕತ್ತರಿಸಿ ಎಡಗೈ ಮಣಿಕಟ್ಟಿಗೆ ತೊಟ್ಟುಕೊಳ್ಳಬೇಕು. ನೋಡಿದವರು ನಗುತ್ತಾರೆ, ನಗಲಿ. ಮೂರನೆಯ ಕೈ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ.

ಅಂಟಿಸುವ ಕೆಲಸವನ್ನು ಪ್ರವಾಸದಲ್ಲಿ ಮಾಡದಿರುವುದೇ ಒಳ್ಳೆಯದು. ದ್ರವದ ಅಂಟು ಸೋರುತ್ತದೆ, ಗ್ಲೂ ಸ್ಟಿಕ್ ಮೆತ್ತಗಾಗುತ್ತದೆ, ಕತ್ತರಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಕರಾರಿಗೆ ಕಾರಣವಾಗುತ್ತದೆ. ಇದರ ಬದಲು ಲಗ್ನಪತ್ರಿಕೆಯ ಒಂದು ಗಟ್ಟಿ ಲಕೋಟೆಯನ್ನು ಪುಸ್ತಕದ ಹಿಂಬದಿಯ ರಟ್ಟಿಗೆ ಮನೆಯಲ್ಲಿಯೇ ಅಂಟಿಸಿಕೊಂಡರೆ ಟಿಕೆಟ್, ಚಹಾದಂಗಡಿಯ ಚೀಟಿ, ಉದುರಿದ ಬೇವಿನ ಎಲೆ, ಕಮಲಾಪುರದ ಕೆಂಪು ಬಾಳೆಯ ಸಿಪ್ಪೆ ಬರೆದ ತುಂಡು ಕಾಗದ ಎಲ್ಲವೂ ಅದರೊಳಗೆ ಸೇರುತ್ತವೆ. ಬಸ್ಸಿನಲ್ಲಿ ಯಂತ್ರದಿಂದ ಹರಿದುಕೊಡುವ ಟಿಕೆಟ್ ಶಾಖಕ್ಕೆ ಕಪ್ಪಾಗುವ ಕಾಗದದ್ದಾದರೆ, ಅದರ ಮೇಲಿನ ಅಕ್ಷರಗಳು ಕಾಲಾಂತರದಲ್ಲಿ ಮಾಸಿಹೋಗುತ್ತವೆ, ಬಿಸಿಲಿನಲ್ಲಿಟ್ಟರೆ ಚೀಟಿಯೇ ಕಪ್ಪಾಗುತ್ತದೆ. ಆದ್ದರಿಂದ ಊರು, ದಿನಾಂಕ, ದರಗಳನ್ನು ಅಂದೇ ಪುಟದಲ್ಲಿ ಕೈಬರಹದಲ್ಲಿ ಬರೆದಿಡಿ. ಪ್ರಾಚೀನ ಬೌದ್ಧ ನೆಲೆಯಾದ ಸನ್ನತಿಯಂಥ ಸ್ಥಳಗಳಲ್ಲಿ ಕಾಲಿಗೆ ಸಿಗುವ ಮಡಕೆ ಚೂರು, ಕಲ್ಲಿನ ತುಣುಕುಗಳನ್ನು ಮಾತ್ರ ಆ ಲಕೋಟೆಗೆ ಸೇರಿಸಬಾರದು. ಅವುಗಳ ಚಿತ್ರವನ್ನು ಬರೆದುಕೊಂಡು ಇದ್ದಲ್ಲಿಯೇ ಬಿಟ್ಟು ಬರಬೇಕು.

ಚೀಲ ತುಂಬುವಾಗ ಬಳಸುವ ಕ್ರಮವೇ ಇಡುವ ಕ್ರಮವಾಗಿರಲಿ. ಹೆಗಲಿಗೆ ಅಡ್ಡ ಹಾಕುವ ಸಣ್ಣ ಬಟ್ಟೆಯ ಚೀಲದಲ್ಲಿ ಬೆನ್ನ ಕಡೆಗೆ ಪುಸ್ತಕ, ಅದರ ಮುಂದೆ ಕಂಪಾಸ್ ಡಬ್ಬಿ, ಹೊರಗಿನ ಜೇಬಿನಲ್ಲಿ ಪೆನ್ನು ಮತ್ತು ಕುಂಚ. ಪುಸ್ತಕಕ್ಕೆ ಎರಡು ಬೈಂಡರ್ ಕ್ಲಿಪ್ ಸಿಕ್ಕಿಸಿರಬೇಕು: ಒಂದು ಗಾಳಿಗೆ ಹಾಳೆ ಹಾರದಂತೆ ಹಿಡಿಯುತ್ತದೆ, ಇನ್ನೊಂದು ತೆರೆದ ಬಣ್ಣದ ಡಬ್ಬಿಯನ್ನು ಪುಸ್ತಕದ ರಟ್ಟಿಗೇ ಕಚ್ಚಿಸುತ್ತದೆ, ಹಾಗಾಗಿ ಎಡಗೈಯೊಂದೇ ಎರಡನ್ನೂ ಹೊರುತ್ತದೆ. ಕಾದ ಕಲ್ಲುಹಾಸಿನ ಮೇಲೆ ಕೂರಲು ಮಡಚಿದ ದಿನಪತ್ರಿಕೆ ಸಾಕು.

ಕೆಲವೆಡೆ ಬಣ್ಣದ ಡಬ್ಬಿಯನ್ನು ತೆರೆಯದಿರುವುದೇ ಸರಿ. ಬೀದರ್ ಬಳಿಯ ಅಷ್ಟೂರಿನ ಬಹಮನಿ ಗೋರಿಗಳಲ್ಲಿ ಅಹ್ಮದ್ ಷಾನ ಗುಮ್ಮಟದೊಳಗಿನ ವರ್ಣಚಿತ್ರಗಳ ಮುಂದೆಯೋ, 1367ರ ಕಲಬುರಗಿ ಜಾಮಿ ಮಸೀದಿಯ ಕಮಾನುಗಳ ಸಾಲಿನ ಕೆಳಗೆಯೋ ಬೆಳಕು ಕಡಿಮೆ, ನೀರು ಚೆಲ್ಲಿದರೆ ಆಗುವ ಹಾನಿ ಹೆಚ್ಚು. ಅಲ್ಲಿ ಪೆನ್ಸಿಲಿನಿಂದ ಆಕಾರವನ್ನಷ್ಟೇ ಬರೆದು, ಆಯಾ ಜಾಗದಲ್ಲಿ ಬಣ್ಣದ ಹೆಸರನ್ನು ಗುರುತು ಮಾಡಿಕೊಂಡು, ವಸತಿಗೆ ಮರಳಿದ ಮೇಲೆ ಬಣ್ಣ ತುಂಬಬಹುದು. "ಕೆಂಪು" ಎಂದು ಬರೆದುಕೊಂಡರೆ ಸಂಜೆಗೆ ಏನೂ ನೆನಪಾಗುವುದಿಲ್ಲ. "ಒಣಮೆಣಸಿನಕಾಯಿ", "ಹಸಿ ಇಟ್ಟಿಗೆ", "ಹುರಮಂಜು" ಎಂದು ಬರೆದುಕೊಂಡರೆ ಬಣ್ಣ ಕಣ್ಣ ಮುಂದೆ ನಿಲ್ಲುತ್ತದೆ. ಕುಂಚ ತೊಳೆದ ನೀರನ್ನು ಸ್ಮಾರಕದ ಗೋಡೆಗೋ ಹಾಸಿಗೋ ಎರಚದೆ ಹೊರಗಿನ ಮಣ್ಣಿಗೆ ಸುರಿಯಿರಿ.

ಪ್ರವಾಸದ ಹಿಂದಿನ ವಾರ ಎರಡು ಸಂಜೆ ಈ ಚೀಲದೊಂದಿಗೆ ಊರೊಳಗೇ ಹೋಗಿಬರಬೇಕು. ಕಲಬುರಗಿಯವರಿಗೆ ಅಪ್ಪನ ಕೆರೆಯ ದಂಡೆ ಇದಕ್ಕೆ ಅನುಕೂಲ. ಕೂರದೆ, ನಿಂತೇ, ಗಡಿಯಾರ ನೋಡಿಕೊಂಡು ಹತ್ತು ನಿಮಿಷದಲ್ಲಿ ಒಂದು ಪುಟ ಮುಗಿಸಿ. ಎರಡೂ ಸಂಜೆ ಕೈ ಮುಟ್ಟದ ವಸ್ತುವನ್ನು ಯಾವ ಮಮಕಾರವೂ ಇಲ್ಲದೆ ಮನೆಯಲ್ಲಿ ಬಿಡಿ. ನನ್ನ ಚೀಲದಿಂದ ಹೀಗೆ ಹೊರಬಿದ್ದದ್ದು ಸ್ಕೇಲು, ಎರಡನೆಯ ರಬ್ಬರು, ಮತ್ತು ಬಹಳ ಆಸೆಯಿಂದ ಕೊಂಡಿದ್ದ ಮಡಚುವ ಸ್ಟೂಲು.

ಮರಳಿ ಬಂದ ರಾತ್ರಿಯೇ ಮಾಡಬೇಕಾದ ಕೆಲಸವೂ ಒಂದಿದೆ. ಬಣ್ಣದ ಡಬ್ಬಿಯನ್ನು ಒರೆಸಿ, ಮುಚ್ಚಳ ತೆರೆದೇ ನೆರಳಿನಲ್ಲಿ ಒಂದು ದಿನ ಇಡಿ, ಮಳೆಗಾಲದ ಪ್ರವಾಸವಾಗಿದ್ದರೆ ಎರಡು ದಿನ. ಒದ್ದೆಯಿರುವಾಗಲೇ ಮುಚ್ಚಿಟ್ಟ ಬಣ್ಣಕ್ಕೆ ಬೂಷ್ಟು ಹಿಡಿಯುತ್ತದೆ. ವಾಟರ್ ಬ್ರಷ್ಷಿನ ನೀರು ಚೆಲ್ಲಿ, ಲಕೋಟೆಯಲ್ಲಿರುವ ಚೀಟಿಗಳನ್ನು ಹೊರತೆಗೆದು ದಿನಾಂಕದ ಪ್ರಕಾರ ಪುಟಗಳ ನಡುವೆ ಸೇರಿಸಿಟ್ಟರೆ, ಅಂಟಿಸುವುದನ್ನು ಮುಂದಿನ ಭಾನುವಾರ ಮಾಡಿದರೂ ನಡೆಯುತ್ತದೆ.